ಬಯೋಸ್ ಎಂಬ ಹುತ್ತ

ಗೌರಿಬಿದನೂರಿನ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ಬಯೋಸ್ (ಆನ್ ಮಾಡಿದೊಡನೆ ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಸಬೇಕಿತ್ತು ಅಂತ ಕೇಳಿ ನೋಡಿ. ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಉತ್ತರ ಒಂದೇ: "ಓಡ್ತಾ ಇದೆ ತಾನೇ ಸಾರ್? ಓಡ್ಲಿ ಬಿಡಿ. ಅದಕ್ಕೆ ಕೈ ಹಾಕಿದ್ರೆ ಬೋರ್ಡೇ ಸತ್ತೋಗುತ್ತೆ." ವಿದುರಾಶ್ವತ್ಥದ ದಾರಿಯ ಜೆರಾಕ್ಸ್ ಅಂಗಡಿಯ ಹಳೆಯ ಡೆಸ್ಕ್‌ಟಾಪ್ ಇರಲಿ, ಶಿಡ್ಲಘಟ್ಟದ ರೇಷ್ಮೆ ರೀಲರ್ ಮನೆಯ ಹುಡುಗಿ ಇಂಜಿನಿಯರಿಂಗಿಗೆ ಸೇರಿದಾಗ ಕೊಡಿಸಿದ ಲ್ಯಾಪ್‌ಟಾಪ್ ಇರಲಿ, ಚಿಂತಾಮಣಿಯ ಮದುವೆ ವಿಡಿಯೋ ಸ್ಟುಡಿಯೋದವರು ಲಕ್ಷ ಕೊಟ್ಟು ಕಟ್ಟಿಸಿದ ಎಡಿಟಿಂಗ್ ಪಿಸಿ ಇರಲಿ, ಬುದ್ಧಿವಾದ ಮಾತ್ರ ಬದಲಾಗುವುದಿಲ್ಲ. ಯಂತ್ರ ಯಾವುದು, ಯಾವ ವರ್ಷದ್ದು, ಏನು ತೊಂದರೆ ಎಂದು ಕೇಳದೆಯೇ ಕೊಡುವ ಉತ್ತರ ಇದು. ನನ್ನ ತಕರಾರು ಇರುವುದು ಅಲ್ಲೇ.

ವಿದುರಾಶ್ವತ್ಥದ ಅಶ್ವತ್ಥನಾರಾಯಣನ ಸನ್ನಿಧಿಯಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಅಲ್ಲಿನ ಪುರಾತನ ಅರಳಿಮರ 2001ರಲ್ಲಿ ಉರುಳಿತು. ಆದರೂ ನಾಗಪ್ರತಿಷ್ಠೆ ಮಾಡಿಸಲು ಬರುವವರು ಇಂದಿಗೂ ಬರುತ್ತಾರೆ. ಹುತ್ತಕ್ಕೆ ಕೈ ಹಾಕಬೇಡ ಎಂಬ ಮಾತನ್ನು ಹಾಲಿನ ಜೊತೆಗೇ ಕುಡಿದು ಬೆಳೆದ ಸೀಮೆ ನಮ್ಮದು. ಬಯೋಸ್ ವಿಷಯಕ್ಕೆ ಅಂಗಡಿಯವರ ದನಿ ತಗ್ಗುವುದೂ ಅದೇ ರೀತಿ. ಹುತ್ತದ ಮಾತಿಗೆ ಅರ್ಥವಿದೆ, ಒಳಗೆ ಹಾವಿದ್ದರೂ ಇರಬಹುದು. ಆದರೆ ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಕಟ್ಟಿದವರು. ಅವರ ಊರಿನವರು ಒಂದು ಚಿಪ್ಪಿನ ಬಗ್ಗೆ "ಯಾಕೆ" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. 1981ರ ಐಬಿಎಂ ಪಿಸಿಯಲ್ಲಿ ಬಯೋಸ್ ಇದ್ದದ್ದು ಅಳಿಸಿ ಬರೆಯಲಾಗದ ರೋಮ್ ಚಿಪ್ಪಿನಲ್ಲಿ. ಹೊಸದು ಬೇಕೆಂದರೆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಹಾಕಬೇಕಿತ್ತು. ತೊಂಬತ್ತರ ದಶಕದಲ್ಲಿ ಫ್ಲ್ಯಾಶ್ ಚಿಪ್ ಬಂದಮೇಲೆ ಬಳಸುವವನೇ ಬರೆಯಬಹುದಾಯಿತು. ಬರೆಯುವುದಾದರೂ ಹೇಗೆ? ಒಂದು ಫ್ಲಾಪಿಗೆ ಡಾಸ್ ಹಾಕಿಕೊಂಡು, ಅದರಿಂದ ಬೂಟ್ ಮಾಡಿ, ಕಪ್ಪು ಪರದೆಯ ಮೇಲೆ ಕಮಾಂಡ್ ಕುಟ್ಟಿ. ಫ್ಲಾಪಿಯಲ್ಲಿ ಒಂದು ಸೆಕ್ಟರ್ ಕೆಟ್ಟಿದ್ದರೆ ಕಥೆ ಮುಗಿಯಿತು. ಬೇರೆ ಬೋರ್ಡಿನ ಫೈಲ್ ಕೊಟ್ಟರೂ ಎಷ್ಟೋ ಸಲ ಚಿಪ್ಪು ಮರುಮಾತಿಲ್ಲದೆ ಬರೆದುಕೊಳ್ಳುತ್ತಿತ್ತು. ನಡುವೆ ಕರೆಂಟ್ ಹೋದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಬೋರ್ಡು ಹೊತ್ತುಕೊಂಡು ಹೋಗುವುದೇ ಗತಿ. ಆ ಮೇಲೆ ಸಿಐಎಚ್ ವೈರಸ್ ಬಂತು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದದ್ದು. 1999ರ ಏಪ್ರಿಲ್ 26ರಂದು ಏಷ್ಯಾದ ಉದ್ದಗಲಕ್ಕೂ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಅಳಿಸಿ, ಸಾಧ್ಯವಾದ ಕಡೆ ಬಯೋಸನ್ನೂ ಹಾಳುಗೆಡವಿತು. ಇಂದು ಐವತ್ತು ದಾಟಿದ ಮೆಕ್ಯಾನಿಕ್ಕುಗಳು ಕೆಲಸ ಕಲಿತದ್ದು ಆ ಕಾಲದಲ್ಲಿ. ಅವರು ಶಿಷ್ಯರಿಗೆ ಹೇಳಿಕೊಟ್ಟ ಎಚ್ಚರಿಕೆ ಆ ಕಾಲಕ್ಕೆ ನೂರಕ್ಕೆ ನೂರು ಸರಿ.

ಶಿಷ್ಯರು ಎಚ್ಚರಿಕೆ ಉಳಿಸಿಕೊಂಡರು, ಅದರ ಕಾರಣ ಬಿಟ್ಟರು. ಈಗಿನ ಬೋರ್ಡುಗಳಲ್ಲಿ ಇರುವುದು ನಿಜಕ್ಕೂ ಬಯೋಸ್ ಅಲ್ಲ, ಅದರ ಜಾಗಕ್ಕೆ ಬಂದ ಯುಇಎಫ್‌ಐ. ಬಾಯಲ್ಲಿ ಮಾತ್ರ ಹಳೆಯ ಹೆಸರು ನಿಂತಿದೆ. ಈಚಿನ ಬ್ರಾಂಡೆಡ್ ಯಂತ್ರಗಳು ಬರೆಯುವ ಮುಂಚೆ ಫೈಲಿನ ಡಿಜಿಟಲ್ ಸಹಿ ನೋಡುತ್ತವೆ, ತಮ್ಮದಲ್ಲದ ಫೈಲನ್ನು ಒಪ್ಪುವುದಿಲ್ಲ. ಗಿಗಾಬೈಟ್ ತನ್ನ ಹಲವು ಬೋರ್ಡುಗಳಲ್ಲಿ ಎರಡು ಬಯೋಸ್ ಚಿಪ್ ಇಟ್ಟಿತು, ಒಂದು ಸತ್ತರೆ ಇನ್ನೊಂದು ಎಬ್ಬಿಸುತ್ತದೆ. ಆಸುಸ್, ಎಂಎಸ್‌ಐ ಕಂಪನಿಗಳ ಹಲವು ಬೋರ್ಡುಗಳ ಹಿಂಬದಿಯಲ್ಲಿ ಒಂದು ಪುಟ್ಟ ಬಟನ್ ಬಂತು. ಪ್ರೊಸೆಸರ್ ಇಲ್ಲದೆ, ರಾಮ್ ಇಲ್ಲದೆ, ಬರೀ ಪವರ್ ಸಪ್ಲೈ ಮತ್ತು ಪೆನ್‌ಡ್ರೈವ್ ಇದ್ದರೆ ಸತ್ತ ಬೋರ್ಡಿಗೂ ಬಯೋಸ್ ಬರೆಯಬಹುದು. ಬೋರ್ಡೇ ಸಾಯುವ ಸಾಧ್ಯತೆ ಇಲ್ಲವಾಗಿದೆ ಎನ್ನುತ್ತಿಲ್ಲ. ಸತ್ತರೂ ಎಬ್ಬಿಸುವ ದಾರಿ ಎಷ್ಟೋ ಬೋರ್ಡುಗಳಲ್ಲಿ ಇದೆ, ಆ ದಾರಿ ನಮ್ಮ ಬೋರ್ಡಿನಲ್ಲಿ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಬಹುದು.

"ನಾನಂತೂ ಬಯೋಸ್ ಮುಟ್ಟಿಲ್ಲ" ಎಂದು ಹೆಮ್ಮೆಪಡುವ ಲ್ಯಾಪ್‌ಟಾಪ್ ಮಾಲೀಕರು ಇನ್ನೊಂದು ಗಮನಿಸಬೇಕು. ಎಚ್‌ಪಿ, ಡೆಲ್, ಲೆನೊವೊ ಲ್ಯಾಪ್‌ಟಾಪ್‌ಗಳ ಎಷ್ಟೋ ಮಾದರಿಗಳಿಗೆ ಬಯೋಸ್ ಈಗ ವಿಂಡೋಸ್ ಅಪ್‌ಡೇಟಿನ ಜೊತೆಯಲ್ಲೇ ಬರುತ್ತದೆ. ರಾತ್ರಿ ಶಟ್‌ಡೌನ್ ಬದಲು "ಅಪ್‌ಡೇಟ್ ಅಂಡ್ ರೀಸ್ಟಾರ್ಟ್" ಒತ್ತಿದ ಒಂದು ದಿನ ಅದು ಬದಲಾಗಿರುತ್ತದೆ, ಯಜಮಾನನಿಗೆ ಸುದ್ದಿಯೇ ಇಲ್ಲ. ಅಪಾಯ ಇರುವುದು ಆ ಹೊತ್ತಿನಲ್ಲಿ. ಪರದೆ ಕಪ್ಪಾಗಿದೆ, ಫ್ಯಾನು ಜೋರಾಗಿ ತಿರುಗುತ್ತಿದೆ, ಎರಡು ನಿಮಿಷವಾದರೂ ಏನೂ ಕಾಣುತ್ತಿಲ್ಲ. ಹ್ಯಾಂಗ್ ಆಯಿತು ಎಂದುಕೊಂಡು ಪವರ್ ಬಟನ್ ಒತ್ತಿಹಿಡಿಯುತ್ತಾರೆ. ಬೋರ್ಡು ಸತ್ತದ್ದು ಆಗ. ಅದನ್ನು ಅಂಗಡಿಗೆ ತಂದಾಗ "ನೋಡಿದ್ರಾ, ಅಪ್‌ಡೇಟ್ ಅಂದ್ರೆ ಹಿಂಗೇ" ಎಂಬ ಇನ್ನೊಂದು ಸಾಕ್ಷಿ ಹಳೆಯ ನಂಬಿಕೆಗೆ ಸೇರಿಕೊಳ್ಳುತ್ತದೆ. ಆ ಮನುಷ್ಯನಿಗೆ ಭಯ ಬೇಕಾದಷ್ಟಿತ್ತು. ಬಯೋಸ್ ಬರೆಯುವಾಗ ಪರದೆ ಕಪ್ಪಾಗಿ ಕೂರುವುದು ಸಹಜ, ಕಾಯಬೇಕು ಎಂಬ ಒಂದು ಸಾಲಿನ ತಿಳಿವಳಿಕೆ ಇರಲಿಲ್ಲ. ಮುಟ್ಟಬೇಡ ಎಂದು ಮಾತ್ರ ಕಲಿಸಿದವರು, ತಾನಾಗಿ ಮುಟ್ಟಿಕೊಂಡಾಗ ಏನು ಮಾಡಬೇಕೆಂದು ಕಲಿಸಲಿಲ್ಲ.

ಮುಟ್ಟದೆ ಬಿಟ್ಟದ್ದಕ್ಕೆ ತೆರುವ ಬೆಲೆ ಬಿಲ್ಲಿನಲ್ಲಿ ಕಾಣುವುದಿಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳನ್ನು ನೋಡಿ. ಮುಖ್ಯವಾಗಿ ಐ7, ಐ9 ದರ್ಜೆಯವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕೇಳಿ ತಮ್ಮನ್ನೇ ಸವೆಸಿಕೊಳ್ಳುತ್ತಿದ್ದವು. ಆಟ ಆಡುವಾಗ, ವಿಡಿಯೋ ರೆಂಡರ್ ಮಾಡುವಾಗ ಕಾರಣವಿಲ್ಲದೆ ಕ್ರ್ಯಾಶ್. ಇಂಟೆಲ್ 2024ರ ಆಗಸ್ಟ್‌ನಲ್ಲಿ ಅದಕ್ಕೆ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳನಡವಳಿಕೆ ತಿದ್ದುವ ಸೂಚನೆಗಳು) ಬಿಟ್ಟಿತು, ಸೆಪ್ಟೆಂಬರಿನಲ್ಲಿ ಇನ್ನೊಂದು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಮೈಕ್ರೋಕೋಡ್ ಬಳಸುವವರ ಕೈಗೆ ಬಂದದ್ದು ಮದರ್‌ಬೋರ್ಡ್ ಕಂಪನಿಗಳ ಬಯೋಸ್ ಮೂಲಕ. ಈಗಾಗಲೇ ಸವೆದ ಪ್ರೊಸೆಸರನ್ನು ಅದು ಸರಿಮಾಡುವುದಿಲ್ಲ, ಮುಂದೆ ಸವೆಯದಂತೆ ತಡೆಯುತ್ತದೆ ಅಷ್ಟೇ ಎಂದೂ ಇಂಟೆಲ್ ಸ್ಪಷ್ಟವಾಗಿ ಹೇಳಿತು. ಹಾಗಿರುವಾಗ ಎಡಿಟಿಂಗ್ ಸ್ಟುಡಿಯೋದ ಅಂಥ ಪಿಸಿಗೆ "ಓಡ್ತಾ ಇದೆ ತಾನೇ" ಎಂದು ಹೇಳಿ ಕಳಿಸುವುದು ಎಚ್ಚರಿಕೆಯಲ್ಲ. ಓಡುತ್ತಿರುವಾಗಲೇ ಅದು ಹಾಳಾಗುತ್ತಿತ್ತು.

ಎಎಂಡಿ ಕಡೆಯದು ಬೇರೆ ರೀತಿ. ಬಿ450 ಬೋರ್ಡು ನಮ್ಮ ಕಡೆ ಧಾರಾಳವಾಗಿ ಮಾರಾಟವಾಗಿದೆ. ನಾಲ್ಕೈದು ವರ್ಷ ಕಳೆದು ರೈಜನ್ 5000 ಸರಣಿಯ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಕೂರಿಸಿದರೆ ಡಿಸ್‌ಪ್ಲೇ ಬರುವುದಿಲ್ಲ. ಪ್ರೊಸೆಸರ್ ಡೆಡ್ ಎಂದು ವಾಪಸ್ ಕಳಿಸುವವರಿದ್ದಾರೆ. ಆಗಬೇಕಾದದ್ದು ಇಷ್ಟೇ: ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಹೊಸದು ಮಾಡಿಕೊಂಡು, ಆಮೇಲೆ ಬದಲಾಯಿಸುವುದು. ಕೆಲಸದ ಕ್ರಮ ತಪ್ಪಿದ್ದಕ್ಕೆ ಒಳ್ಳೆಯ ಪ್ರೊಸೆಸರ್ ಕೊರಿಯರ್ ಹತ್ತುತ್ತದೆ.

ಇಷ್ಟು ಓದಿ ನಾನು ಎದುರು ಪಂಗಡದವನು ಎಂದುಕೊಳ್ಳಬೇಡಿ. ಹೊಸ ಬಯೋಸ್ ಬಂದ ದಿನವೇ ಹಾಕಿಕೊಳ್ಳಬೇಕು ಎನ್ನುವ ಯೂಟ್ಯೂಬ್ ಪಂಡಿತರೂ ಅಂಗಡಿಯವರಷ್ಟೇ ಕುರುಡರು. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳು ಬಯಲಾದವು. ಅವಸರದಲ್ಲಿ ಬಂದ ಮೈಕ್ರೋಕೋಡ್ ಹಾಕಿಕೊಂಡ ಯಂತ್ರಗಳು ತಾವೇ ತಾವಾಗಿ ರೀಸ್ಟಾರ್ಟ್ ಆಗತೊಡಗಿದವು. ಅದೇ ತಿಂಗಳ 22ರಂದು, ಈಗಿನ ಆವೃತ್ತಿ ಹಂಚುವುದನ್ನು ನಿಲ್ಲಿಸಿ ಎಂದು ಇಂಟೆಲ್ಲೇ ಹೇಳಬೇಕಾಯಿತು. ಮೂರು ವಾರ ಸುಮ್ಮನಿದ್ದವನು ಆಗ ಜಾಣನಾದ. ಅಪ್‌ಡೇಟ್ ಕೊಡುವುದಷ್ಟೇ ಅಲ್ಲ, ಕಿತ್ತುಕೊಳ್ಳುವುದೂ ಉಂಟು. 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಎಂಬ ದೋಷ ಹೊರಬಂದಮೇಲೆ, ಲ್ಯಾಪ್‌ಟಾಪ್ ಬಿಸಿಯಾಗದಂತೆ ವೋಲ್ಟೇಜ್ ಇಳಿಸಿಕೊಳ್ಳುತ್ತಿದ್ದವರ ಸವಲತ್ತನ್ನು ಎಷ್ಟೋ ಮಾದರಿಗಳ ಹೊಸ ಬಯೋಸ್ ಮುಚ್ಚಿಹಾಕಿತು. ಚಿಪ್ಪಿನಲ್ಲಿ ಜಾಗ ಸಾಲದೆ, ಹೊಸ ರೈಜನ್‌ಗೆ ಎಡೆಮಾಡಲು ಹಳೆಯ ಪ್ರೊಸೆಸರುಗಳನ್ನು ಪಟ್ಟಿಯಿಂದ ಕೈಬಿಟ್ಟ ಎಎಂಡಿ ಬೋರ್ಡುಗಳಿವೆ. ಮುಂದೆ ಹೋದಮೇಲೆ ಹಿಂದಿನ ಆವೃತ್ತಿಗೆ ಮರಳಲು ಬಿಡದ ಬೋರ್ಡುಗಳೂ ಇವೆ. ಹೊಸದೆಲ್ಲ ಒಳ್ಳೆಯದು ಎಂಬುದೂ ಯೋಚಿಸದೆ ಒಪ್ಪಿಕೊಂಡ ಮಾತೇ.

ಎರಡು ಪಂಗಡದವರೂ ಓದದೆ ಬಿಡುವುದು ಒಂದೇ ವಸ್ತುವನ್ನು: ಆ ಬಯೋಸ್ ಫೈಲಿನ ಪಕ್ಕದಲ್ಲಿ ಕಂಪನಿ ಬರೆದಿರುವ ಮೂರು ನಾಲ್ಕು ಸಾಲು. ಬೋರ್ಡಿನ ಸಪೋರ್ಟ್ ಪುಟಕ್ಕೆ ಹೋದರೆ ಪ್ರತಿ ಆವೃತ್ತಿಯ ಮುಂದೆ ತಾರೀಕು, ಏನು ಬದಲಾಗಿದೆ ಎಂಬುದು ಇರುತ್ತದೆ. ಹೊಸ ಪ್ರೊಸೆಸರಿಗೆ ಬೆಂಬಲ ಎಂದಿದ್ದರೆ, ನಾನು ಪ್ರೊಸೆಸರ್ ಬದಲಾಯಿಸುವುದಿಲ್ಲವಾದರೆ ಅದು ನನಗಲ್ಲ. ರಾಮ್ ಹೊಂದಾಣಿಕೆ ಎಂದಿದ್ದರೆ, ನನ್ನ ರಾಮ್ ತೊಂದರೆ ಕೊಡುತ್ತಿಲ್ಲವಾದರೆ ಅದೂ ಅಲ್ಲ. ಭದ್ರತೆಯ ದೋಷ ಎಂದಿದ್ದರೆ, ವೋಲ್ಟೇಜ್ ಅಥವಾ ಮೈಕ್ರೋಕೋಡ್ ಎಂದಿದ್ದರೆ, ನಿಂತು ಓದಬೇಕು. ಕೆಲವು ಕಂಪನಿಗಳು "ಸಿಸ್ಟಂ ಸ್ಥಿರತೆ ಸುಧಾರಿಸಿದೆ" ಎಂದಷ್ಟೇ ಗೀಚಿ ಕೈತೊಳೆದುಕೊಳ್ಳುತ್ತವೆ. ಇದು ಬಳಸುವವರ ಮೇಲೆ ತೋರಿಸುವ ಉಡಾಫೆ. ಏನು ತಿದ್ದಿದ್ದೇವೆಂದು ಹೇಳದವರು ಜನ ಹೆದರುತ್ತಾರೆಂದು ದೂರುವಂತಿಲ್ಲ. ಅಂಥ ಕಡೆ ಒಂದೆರಡು ತಿಂಗಳು ಕಾಯುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಜಿಲ್ಲೆಯ ಜೆರಾಕ್ಸ್ ಅಂಗಡಿಗಳ ಮಟ್ಟಿಗೆ ಅಂಗಡಿಯವರ ಉತ್ತರವೇ ಸರಿ ಎಂಬುದನ್ನು ಒಪ್ಪಿಕೊಳ್ಳಬೇಕು. ಅಲ್ಲಿ ಇರುವುದು ಬಹುಪಾಲು ಎಸ್.ಪಿ. ರೋಡಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಡಬ್ಬಗಳು. ಎಚ್61 ಬೋರ್ಡು, ಐ3 ಅಥವಾ ಐ5, ನುಡಿ ತಂತ್ರಾಂಶ, ಒಂದು ಪ್ರಿಂಟರ್. ಆ ಬೋರ್ಡುಗಳಿಗೆ ಹೊಸ ಬಯೋಸ್ ಬರುವುದು ನಿಂತು ಬಹಳ ಕಾಲವಾಯಿತು. ಅದೇ ಚಿಪ್‌ಸೆಟ್ ಹಾಕಿ ಈಚೆಗೆ ತಯಾರಿಸಿದ ಅಗ್ಗದ ಬೋರ್ಡುಗಳಿಗಂತೂ ಬಯೋಸ್ ಹುಡುಕಲು ಒಂದು ಪುಟವೇ ಇರುವುದಿಲ್ಲ ಅನ್ನಬಹುದು. ಮಾಡಲು ಏನೂ ಇಲ್ಲದ ಕಡೆ ಮಾಡಬೇಡಿ ಎನ್ನುವುದು ತಪ್ಪಲ್ಲ. ಸ್ವಾರಸ್ಯ ಬೇರೆ ಇದೆ. ಎಚ್61 ಮೊದಲು ಬಂದದ್ದು 2011ರಲ್ಲಿ, ಇಂಟೆಲ್‌ನ ಎರಡನೇ ತಲೆಮಾರಿನ ಪ್ರೊಸೆಸರುಗಳಿಗಾಗಿ. ಮುಂದಿನ ವರ್ಷ ಬಂದ ಮೂರನೇ ತಲೆಮಾರಿನ ಐ5 ಅದರಲ್ಲಿ ಓಡಬೇಕಾದರೆ ಆ ಮೊದಲ ಬೋರ್ಡುಗಳಿಗೆ ಬಯೋಸ್ ಹೊಸದಾಗಲೇಬೇಕಿತ್ತು. ಅಂದರೆ "ಇದುವರೆಗೆ ಯಾರೂ ಮುಟ್ಟಿಲ್ಲ, ಅದಕ್ಕೇ ಓಡ್ತಿದೆ" ಎಂದು ಅಂಗಡಿಯವರು ತೋರಿಸುವ ಹಳೆಯ ಡಬ್ಬಗಳಲ್ಲಿ ಕೆಲವು ಓಡುತ್ತಿರುವುದೇ ಯಾರೋ ಮುಟ್ಟಿದ್ದರಿಂದ.

ಕರೆಂಟಿನ ಪ್ರಶ್ನೆಗೆ ಬರೋಣ. ಅಂಗಡಿಯವರ ವಾದದಲ್ಲಿ ನಾನು ಪೂರ್ತಿ ಒಪ್ಪುವ ಭಾಗ ಇದೊಂದೇ. ಚಿಪ್ಪನ್ನು ಅಳಿಸಿ ಬರೆಯುವ ಆ ಕೆಲವು ನಿಮಿಷ ಕರೆಂಟ್ ಹೋಗಬಾರದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ವಿಡಿಯೋ ಮಾಡುವವರಿಗೆ ಇದು ಅಷ್ಟಾಗಿ ಅರ್ಥವಾಗದು. ನಮ್ಮ ಹಳ್ಳಿಗಳ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ, ತೆಗೆಯುವ ಹೊತ್ತಿಗೆ ಒಂದು ಕ್ಷಣ ಹೋಗಿ ಬರುವುದುಂಟು. ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಗೆ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಆದರೆ ಇಲ್ಲೂ ಭಯ ತಪ್ಪು ಕಡೆ ಕಾವಲು ನಿಂತಿದೆ. "ಯುಪಿಎಸ್ ಇದೆಯಲ್ಲ" ಎಂದು ಧೈರ್ಯವಾಗಿರುವ ಅಂಗಡಿಗಳ 600 ವಿಎ ಯುಪಿಎಸ್‌ನಲ್ಲಿ ಬ್ಯಾಟರಿ ಎರಡು ಮೂರು ವರ್ಷಕ್ಕೇ ಸೋತಿರುತ್ತದೆ. ಕರೆಂಟ್ ಹೋದರೆ ಕಿರ್ ಎಂದು ಕೂಗಿ ಅದೂ ಆರುತ್ತದೆ. ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಒಂದು ಸ್ವಿಚ್ ಇರುತ್ತದೆ. ಅದು ನಾರ್ಮಲ್‌ನಲ್ಲಿದ್ದರೆ ಫ್ಯಾನು, ಲೈಟಿಗೆ ಗೊತ್ತೇ ಆಗದಷ್ಟು ಸಣ್ಣ ತಡಕ್ಕೂ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಪರೀಕ್ಷೆ ಸುಲಭ: ಬಯೋಸ್ ಕೆಲಸಕ್ಕೆ ಕೂರುವ ಮೊದಲು ವಿಂಡೋಸ್ ಓಡುತ್ತಿರುವಾಗಲೇ, ಬೇರೆ ಫೈಲುಗಳನ್ನೆಲ್ಲ ಮುಚ್ಚಿ, ಮೇನ್ ಸ್ವಿಚ್ ಆರಿಸಿ ಹತ್ತು ನಿಮಿಷ ನೋಡುವುದು. ಪಿಸಿ ನಿಂತರೆ ಬಯೋಸ್ ಮಾತು ಅಲ್ಲಿಗೆ ಬಿಡಿ, ಮೊದಲು ಬ್ಯಾಟರಿ ಬದಲಾಯಿಸಿ. ಲ್ಯಾಪ್‌ಟಾಪಿನವರಿಗೆ ಈ ತಾಪತ್ರಯ ಕಡಿಮೆ. ಬ್ಯಾಟರಿ ಚೆನ್ನಾಗಿ ತುಂಬಿರಬೇಕು, ಚಾರ್ಜರೂ ಸಿಕ್ಕಿಸಿರಬೇಕು. ಚಾರ್ಜರ್ ಇಲ್ಲದಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಶುರುವೇ ಮಾಡುವುದಿಲ್ಲ.

ಬೋರ್ಡು ಸಾಯುವ ಭಯದ ನೆರಳಲ್ಲಿ, ನಿಜಕ್ಕೂ ಜನರ ಕೈಸುಡುವ ಎರಡು ಸಂಗತಿಗಳು ಯಾರ ಬಾಯಲ್ಲೂ ಬರುವುದಿಲ್ಲ. ಎರಡರಲ್ಲೂ ಬೋರ್ಡಿಗೆ ಏನೂ ಆಗಿರುವುದಿಲ್ಲ, ಹೋಗುವುದು ಒಳಗಿನ ಮಾಹಿತಿ.

ಮೊದಲನೆಯದು ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ಬಿಟ್‌ಲಾಕರ್. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುವುದು ಸಾಮಾನ್ಯ. ಬಯೋಸ್ ಬದಲಾದಾಗ ಯಂತ್ರದ ಗುರುತು ಬದಲಾದಂತೆ ಕಂಡು, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಖಾತೆಯಲ್ಲಿ ಇರುತ್ತದೆ. ಖಾತೆ ಯಾರದು? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಅವಸರದಲ್ಲಿ ಹೊಸದಾಗಿ ತೆರೆದ ಇಮೇಲ್. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಕೊಂಡವರಿಗೂ ಗೊತ್ತಿಲ್ಲ. ಎಎಂಡಿ ಯಂತ್ರಗಳಲ್ಲಿ ಈ ಬೀಗದ ಗುಟ್ಟನ್ನು ಕಾಯುವ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಕೇಳಿ ವೈ ಅಥವಾ ಎನ್ ಒತ್ತಲು ಹೇಳುವ ಪರದೆ ಬಂದರೆ, ಓದದೆ ವೈ ಒತ್ತಿದವರಿಗೂ ಇದೇ ಗತಿ. ಆದ್ದರಿಂದ ಅಪ್‌ಡೇಟಿಗೆ ಮುಂಚೆ ಕೀ ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಬೇಕು. ಬಯೋಸ್ ಎಂದರೆ ನಡುಗುವ ಅಂಗಡಿಗಳಲ್ಲೇ ಈ ಖಾತೆಯ ಅಸಡ್ಡೆ ದಿನಾ ನಡೆಯುತ್ತದೆ.

ಎರಡನೆಯದು ಸೆಟ್ಟಿಂಗ್. ಹೊಸ ಬಯೋಸ್ ಬಂದಾಗ ಹಳೆಯ ಸೆಟ್ಟಿಂಗುಗಳು ಅಳಿದು ಕಾರ್ಖಾನೆಯ ಸ್ಥಿತಿಗೆ ಮರಳುವುದುಂಟು. ಮೊದಲು ಲೆಗಸಿಯಲ್ಲಿದ್ದ ಬೂಟ್ ಈಗ ಯುಇಎಫ್‌ಐ, ಡಿಸ್ಕಿನ ಮೋಡ್ ಮೊದಲು ಎಎಚ್‌ಸಿಐ ಇದ್ದದ್ದು ಈಗ ರೈಡ್. ವಿಂಡೋಸ್ ಏಳುವುದಿಲ್ಲ, ನೀಲಿ ಪರದೆ. ಅಂಗಡಿಗೆ ಕೊಟ್ಟರೆ "ವಿಂಡೋಸ್ ಹೋಗಿದೆ" ಎಂದು ಫಾರ್ಮ್ಯಾಟ್. ವರ್ಷಗಳ ಫೋಟೋ, ಲೆಕ್ಕದ ಫೈಲುಗಳು ಮಾಯ. ಅಪವಾದ ಬಯೋಸ್ ಅಪ್‌ಡೇಟಿನ ತಲೆಗೆ. ಬಯೋಸ್ ಪರದೆಗಳನ್ನು ಮೊಬೈಲಿನಲ್ಲಿ ಮೊದಲೇ ಫೋಟೋ ತೆಗೆದಿಟ್ಟಿದ್ದರೆ, ಆ ಒಂದು ಸೆಟ್ಟಿಂಗ್ ಹಿಂದಕ್ಕೆ ತಿರುಗಿಸಿ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ.

ಉಳಿದದ್ದು ಬೇಗ ಹೇಳಿಬಿಡಬಹುದು. ವಿಂಡೋಸಿನ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಬೋರ್ಡಿನ ಹೆಸರು, ಬಯೋಸಿನ ಆವೃತ್ತಿ ಎರಡೂ ಕಾಣುತ್ತವೆ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ ತೆಗೆದು ಬೋರ್ಡಿನ ಮೂಲೆಯಲ್ಲಿ ಅಚ್ಚಾದ ರಿವಿಷನ್ ಸಂಖ್ಯೆ ಓದಬೇಕು, ಒಂದೇ ಹೆಸರಿನ ಬೋರ್ಡಿಗೆ ರಿವಿಷನ್ ಬೇರೆಯಾದರೆ ಬಯೋಸ್ ಬೇರೆ. ಫೈಲನ್ನು ತಯಾರಕರ ಪುಟದಿಂದಲೇ ಇಳಿಸಿ, ಎಫ್‌ಎಟಿ32 ಮಾಡಿದ ಪೆನ್‌ಡ್ರೈವಿಗೆ ಹಾಕಿ, ಡೆಸ್ಕ್‌ಟಾಪಿನಲ್ಲಿ ಬಯೋಸ್ ಒಳಗಿನ ಸಾಧನದಿಂದಲೇ ಬರೆಯುವುದು ವಿಂಡೋಸಿನೊಳಗಿಂದ ಬರೆಯುವುದಕ್ಕಿಂತ ನೆಮ್ಮದಿಯ ದಾರಿ. ಕಂಪ್ಯೂಟರಿನ ಗಡಿಯಾರ ದಿನಾ ಹಿಂದಕ್ಕೆ ಹೋಗುತ್ತಿದೆಯೆಂದು ಬಯೋಸ್ ಬದಲಾಯಿಸಲು ಹೊರಡಬೇಡಿ. ಅದಕ್ಕೆ ಬೇಕಾದದ್ದು ನಾಣ್ಯದಗಲದ ಒಂದು ಸಿಎಮ್‌ಒಎಸ್ ಬ್ಯಾಟರಿ.

ತಳ್ಳಿಹಾಕಲಾಗದ ಒಂದು ಗಡುವೂ ಇದೆ. ನಂಬಿಕೆಯ ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್‌ಗಾಗಿ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಅಕ್ಟೋಬರ್ ನಡುವೆ ಮುಗಿಯುತ್ತದೆ. ಅಂದೇ ಯಂತ್ರ ನಿಲ್ಲುವುದಿಲ್ಲ. ಬೂಟ್ ಹಂತಕ್ಕೆ ಮುಂದೆ ಬರುವ ಭದ್ರತೆಯ ತಿದ್ದುಪಡಿಗಳು ಸಿಗದೆ ಹೋಗುತ್ತವೆ. ಹೊಸ ಸರ್ಟಿಫಿಕೇಟುಗಳು ವಿಂಡೋಸ್ ಅಪ್‌ಡೇಟಿನಿಂದಲೇ ಬರುವಂತೆ ವ್ಯವಸ್ಥೆಯಾಗಿದ್ದರೂ ಕೆಲವು ಯಂತ್ರಗಳಿಗೆ ತಯಾರಕರ ಬಯೋಸ್ ಕೂಡ ಬೇಕಾಗುತ್ತದೆ. "ಓಡ್ತಾ ಇದೆ ತಾನೇ" ಎಂಬ ಉತ್ತರ ಇಲ್ಲಿ ಪ್ರಶ್ನೆಗೆ ತಾಗುವುದೇ ಇಲ್ಲ.

ಹೀಗಿದ್ದೂ ಅಂಗಡಿಯವರು ಬದಲಾಗದಿರಲು ಕಾರಣ ಅಜ್ಞಾನ ಒಂದೇ ಅಲ್ಲ. ಯಶಸ್ವಿಯಾದ ಬಯೋಸ್ ಅಪ್‌ಡೇಟಿಗೆ ಗಿರಾಕಿ ಇನ್ನೂರು ಕೊಡಲೂ ಹಿಂದೆಮುಂದೆ ನೋಡುತ್ತಾನೆ. ಕೆಟ್ಟರೆ ಹೊಸ ಬೋರ್ಡು ಕೇಳುತ್ತಾನೆ. ಈ ಲೆಕ್ಕದಲ್ಲಿ ಬೇಡ ಎನ್ನುವುದೇ ವ್ಯಾಪಾರದ ಬುದ್ಧಿ. ಆ ಲೆಕ್ಕ ಬದಲಾಯಿಸುವ ವಸ್ತು ದುಬಾರಿಯದೇನಲ್ಲ. ಸಿಎಚ್341ಎ ಎಂಬ, ಚಿಪ್ಪಿಗೆ ನೇರವಾಗಿ ಬರೆಯುವ ಸಾಧನ ಎಸ್.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಎಂಟು ಕಾಲಿನ ಚಿಪ್ಪನ್ನು ಕಚ್ಚಿಹಿಡಿಯುವ ಕ್ಲಿಪ್ ಕೂಡ ಸಿಗುತ್ತದೆ. ಮೊದಲು ಹಳೆಯ ಬಯೋಸನ್ನು ಅದರಿಂದ ಓದಿ ಫೈಲ್ ಮಾಡಿಟ್ಟುಕೊಂಡರೆ, ಅಪ್‌ಡೇಟ್ ನಡುವೆ ನಿಂತರೂ ಮತ್ತೆ ಬರೆದು ಎಬ್ಬಿಸಬಹುದು. ಹೊಸ ಲ್ಯಾಪ್‌ಟಾಪ್‌ಗಳ 1.8 ವೋಲ್ಟ್ ಚಿಪ್ಪಿಗೆ ಅಡಾಪ್ಟರ್ ಬೇಕು, ಅದಿಲ್ಲದೆ ಸಿಕ್ಕಿಸಿದರೆ ಚಿಪ್ ಸುಡಬಹುದು. ಇಷ್ಟು ಕಲಿಯಲು ಒಂದು ವಾರ ಸಾಕು. ಗೌರಿಬಿದನೂರಿನಲ್ಲಿ ಅಂಥದ್ದೊಂದು ಇಟ್ಟುಕೊಂಡ ಅಂಗಡಿ, ಬಯೋಸಿನ ಹಳೆಯ ಆವೃತ್ತಿ, ಹೊಸ ಆವೃತ್ತಿ, ತಾರೀಕು ಮೂರನ್ನೂ ಬಿಲ್ಲಿನ ಮೇಲೆ ಬರೆದುಕೊಟ್ಟು ಐನೂರು ಕೇಳಲಿ. ಚಿಂತಾಮಣಿಯ ಸ್ಟುಡಿಯೋದವರು ಮರುಮಾತಿಲ್ಲದೆ ಕೊಡುತ್ತಾರೆ.